ನೀಲಿ ಅಂಗಿ ತಂಡದ ಒಂದು ಪುಟ

...ಅಯ್ಯೋ, ನಿಂತೇ ಕೇಳ್ತೀಯಾ? ಕೂತ್ಕೋ ದೇರಪ್ಪ, ಕೂತ್ಕೋ. ಆ ಕೋವಿ ಮೂಲೆಗೆ ಒರಗಿಸು. ಗದ್ದೆಗೆ ಹಂದಿ ಕಾಯಲಿಕ್ಕೆ ಹೊರಟವ ನೀನು, ಗೊತ್ತು ನಂಗೆ, ಆದ್ರೆ ಈಗ ಸಂಜೆ ಗಂಟೆ ನಾಲ್ಕು ಮಾರಾಯ, ಹಂದಿಗಳು ಇನ್ನೂ ಎದ್ದೇ ಇರ್ಲಿಕ್ಕಿಲ್ಲ! ...ಬೇಡ್ವಾ? ತೊಡೆ ಮೇಲೆಯೇ ಇರ್ಲಾ? ಸರಿ, ಸರಿ, ನಿನ್ನ ಕೋವಿ, ನಿನ್ನ ತೊಡೆ. ಕೋವಿಯ ನಳಿಗೆ ಮಾತ್ರ ಸ್ವಲ್ಪ ಆಚೆ ತಿರುಗಿಸು.

ಎಲ್ಲಿದ್ದೆ ನಾನು? ಹಾಂ. ಇನ್ನು ಮೂರು ವಾರ, ನವೆಂಬರ್ ಒಂದಕ್ಕೆ ನಮ್ಮ ಕೊಡಗು ರಾಜ್ಯ ಹೋಗಿ ಮೈಸೂರಿಗೆ ಸೇರ್ತದೆ. ಅದಕ್ಕೆ ಮೊದಲು ಮಡಿಕೇರಿಯವರು ಒಂದು ಪುಸ್ತಕ ಅಚ್ಚು ಹಾಕಿಸ್ತಾರಂತೆ. ಕೂರ್ಗ್ ಸ್ಟೇಟಲ್ಲಿ ಆಡಿದ ಹಾಕಿ ತಂಡಗಳ ಚರಿತ್ರೆ, ಸಣ್ಣಪುಟ್ಟ ಊರಿನವರದ್ದೂ ಸೇರಿಸಿ. ನಮ್ಮ ಕೂಡುಹೊಳೆ ನೀಲಿ ಅಂಗಿ ತಂಡಕ್ಕೂ ಒಂದು ಪುಟ ಉಂಟು! ಎಷ್ಟು ಜನ ನಂಬ್ತಾರೆ ಹೇಳು? ಒಂದೇ ಒಂದು ಷರತ್ತು, ತಂಡ ಕಟ್ಟಿದವರಲ್ಲಿ ಇಬ್ಬರ ಸಹಿ ಬೇಕು. ಉಳಿದವರೆಲ್ಲ ಎಲ್ಲಿದ್ದಾರೆ? ಅರ್ಧ ಜನ ಮಿಲಿಟರಿಯಲ್ಲಿ, ಅರ್ಧ ಜನ ಎಸ್ಟೇಟ್ ಎಸ್ಟೇಟಿಗೆ ಲೆಕ್ಕ ಬರೆಯುವ ರೈಟರಾಗಿ ಹೋದ್ರು. ಊರಲ್ಲಿ ಉಳಿದದ್ದು ನೀನು, ನಾನು. ನಾಳೆ ಬೆಳಗ್ಗಿನ ಬಸ್ಸಿಗೆ ಇದು ಹೋಗ್ಬೇಕು. ನೀನು ಸಹಿ ಹಾಕದಿದ್ರೆ ಇಂಥದ್ದೊಂದು ತಂಡ ಇತ್ತು ಅಂತಲೇ ಯಾರಿಗೂ ಗೊತ್ತಾಗುದಿಲ್ಲ.

ಓದ್ತೇನೆ, ಕೇಳು. "ಸಾವಿರದ ಒಂಬೈನೂರ ಐವತ್ತೊಂದರಲ್ಲಿ, ಕೊಯ್ಲು ಮುಗಿದ ಉತ್ತಯ್ಯನವರ ಗದ್ದೆಯಲ್ಲಿ ನಮ್ಮ ತಂಡ ಹುಟ್ಟಿತು." ನೋಡಿದ್ಯಾ? ನಿನ್ನ ಅಪ್ಪನ ಹೆಸರು ಮೊದಲ ಸಾಲಲ್ಲೇ ಹಾಕಿದ್ದೇನೆ. "ಅಂಗಿಗಳಿಗೆಲ್ಲ ನೀಲಿ ಅದ್ದಿ ಕೊಟ್ಟವರು ಮೊಣ್ಣಪ್ಪನ ತಾಯಿ ಪೂವಮ್ಮ." ನನ್ನ ಅಮ್ಮನ ಹೆಸರೂ ಬಂತು! ಹಹ್ಹ, ಬಾಳೆಲೆ ಊರಿನವರ ಮೇಲೆ ಆಡಿದ್ದು ನೆನಪುಂಟಾ? ಅರ್ಧ ಆಟದಲ್ಲಿ ಮಳೆ ಸುರೀತು, ನೀಲಿಯೆಲ್ಲ ಇಳಿದು ಹನ್ನೊಂದು ಜನರ ಹೊಟ್ಟೆ, ಚಡ್ಡಿ, ಮೊಣಕಾಲು, ಎಲ್ಲ ನೀಲಿ! ಬಾಳೆಲೆಯವರು ಬಿದ್ದು ಬಿದ್ದು ನಗಾಡ್ತಾ ನಿಂತ್ರು, ನಮ್ಮವರು ಸೀದಾ ಹೋಗಿ ಗೋಲು ಹೊಡೆದು ಬಂದ್ರು! ...ನಗು ಬರ್ಲಿಲ್ವಾ? ಮೊದಲೆಲ್ಲ ಈ ಕತೆ ಹೇಳಿದ್ರೆ ನೀನೇ ಎಲ್ಲರಿಗಿಂತ ಜಾಸ್ತಿ ನಗಾಡ್ತಿದ್ದೆ.

ಮುಂದೆ ಕೇಳು. "ಗೋಲ್‌ಕೀಪರ್ ಕಟ್ಟುವ ಪ್ಯಾಡುಗಳನ್ನು ಪೇಟೆಯಿಂದ ತರಲು ಅನುಕೂಲ ಇಲ್ಲದೆ, ಗೋಣಿಗೆ ಬೂರುಗದ ಹತ್ತಿ ತುಂಬಿ ಕಾರ್ಯದರ್ಶಿ ಮೊಣ್ಣಪ್ಪನವರೇ ಹೊಲಿದರು." ಹೌದಾ ಅಲ್ವಾ? ಹತ್ತು ರಾತ್ರಿ ಹೊಲಿದೆ ಮಾರಾಯ, ಗೋಣಿಸೂಜಿ ಚುಚ್ಚಿ ಚುಚ್ಚಿ ಹೆಬ್ಬೆರಳು ಬಾತಿತ್ತು. ನನ್ನ ಕಾಲಿನ ಅಳತೆಗೇ ಹೊಲಿದದ್ದು. ಆಮೇಲೆ ಎಲ್ಲರೂ ಸೇರಿ ದೇರಪ್ಪನ ಕಣ್ಣು ಚುರುಕು, ದೇರಪ್ಪನೇ ನಿಲ್ಲಲಿ ಅಂದ್ರು. ಸರಿ ಅಂದೆ. ನಾನು ಬದಲಿ. ಬದಲಿ ಅಂದ್ರೆ ಎಂತ? ನಿನ್ನ ಕಾಲಿಗೆ ಪ್ಯಾಡ್ ಕಟ್ಟೋದು, ಬಿಚ್ಚೋದು, ಒಣಗಿಸೋದು. ಎರಡು ವರ್ಷ ಅದೇ ಮಾಡಿದೆ. ಬೇಜಾರಿತ್ತಾ ಅಂತ ಕೇಳ್ತೀಯಾ? ಛೇ, ಬೇಜಾರೆಂಥದ್ದು. ತಂಡ ಗೆದ್ರೆ ಆಯ್ತಲ್ಲ.

ಈಗ ಮುಖ್ಯ ವಿಷಯ ಬರ್ತದೆ. "ಐವತ್ಮೂರರ ಅಕ್ಟೋಬರಲ್ಲಿ ತಂಡ ಮೊದಲ ಸಲ ಫೈನಲ್ ಸೇರಿತು. ಎದುರಾಳಿ ಶ್ರೀಮಂಗಲ. ಬೆಳಿಗ್ಗೆ ಮಡಿಕೇರಿಗೆ ಲಾರಿ ಹೊರಡುವ ಹೊತ್ತಿಗೆ ಗೋಲ್‌ಕೀಪರ್ ದೇರಪ್ಪನವರು ತಂಡವನ್ನು ಬಿಟ್ಟು ಹೋದ ಕಾರಣ, ಮೊಣ್ಣಪ್ಪನವರು..." ಎಂತ? ಯಾಕೆ ಅಲ್ಲಿ ಬೆರಳಿಟ್ಟೆ? ತೆಗಿ ಮಾರಾಯ, ಶಾಯಿ ಒಣಗಿಲ್ಲ. ಬಿಟ್ಟು ಹೋದದ್ದು ಹೌದಲ್ವಾ? ಸುಳ್ಳೇನು ಬರ್ದಿಲ್ಲ ನಾನು.

ಸರಿ ಸರಿ, ಕೋಪ ಬೇಡ. ಕಾರಣ ಸೇರಿಸ್ತೇನೆ. ಮೈಸೂರಿನವರು ಓದುವಾಗ ಅವರಿಗೆ ತಿಳೀಬೇಕಲ್ಲ, ಬಿಡಿಸಿಯೇ ಬರೀತೇನೆ. ನಮ್ಮ ಕಡೆ ಮನೆಯಲ್ಲಿ ಗಂಡು ಹುಟ್ಟಿದ್ರೆ ಒಂದು ಗುಂಡು ಹಾರಿಸ್ತಾರೆ, ಸಾವಾದ್ರೆ ಎರಡು. ಎರಡು ಕೇಳಿತೋ, ಹಿಡಿದ ಕೆಲಸ ಹಾಗೇ ಬಿಟ್ಟು ಊರಿಗೆ ಊರೇ ಆ ಮನೆಗೆ ಓಡ್ತದೆ. ಆ ದಿನ ಯಾರೋ ಕಿಡಿಗೇಡಿ ಉತ್ತಯ್ಯನವರ ಮನೆಯ ದಿಕ್ಕಿನಿಂದ ಎರಡು ಗುಂಡು ಹಾರಿಸಿದ, ಅಪ್ಪ ತೀರಿಕೊಂಡರು ಅಂತ ದೇರಪ್ಪ ಓಡಿದ. ಸಾಕಲ್ಲ? ಇಷ್ಟು ಬರೆದ್ರೆ ನಿನ್ನ ಹೆಸರಿಗೆ ಒಂದು ಚೂರೂ ಕಳಂಕ ಇಲ್ಲ.

ಪಾಪ, ಈಗ ನೆನೆದ್ರೂ ಹೊಟ್ಟೆ ಉರೀತದೆ. ಮೊದಲನೇ ಗುಂಡು ಕೇಳಿದಾಗ ಲಾರಿಯಲ್ಲಿದ್ದವರೆಲ್ಲ "ಹೋ" ಅಂತ ಕೂಗಿದ್ರಂತೆ, ಯಾರ ಮನೆಯಲ್ಲೋ ಗಂಡು ಹುಟ್ಟಿತು, ಇವತ್ತು ಕಪ್ ನಮ್ಮದೇ ಅಂತ. ನೀನೂ ಚಪ್ಪಾಳೆ ತಟ್ಟಿದೆಯಂತೆ. ನಾನು ಅಲ್ಲಿರ್ಲಿಲ್ಲ, ಪ್ಯಾಡ್ ತರ್ಲಿಕ್ಕೆ ಮನೆಗೆ ಹೋಗಿದ್ದೆ ನೋಡು. ಆಮೇಲೆ ಸ್ವಲ್ಪ ಹೊತ್ತಾಗಿ ಎರಡನೇದು ಕೇಳಿದ್ದು. ಕೋವಿಗೆ ಹಾಕಿದ ಆ ತೋಟೆ ಥಂಡಿ ಹಿಡಿದಿತ್ತು, ಇಲ್ಲದಿದ್ರೆ ಎರಡೂ ಒಟ್ಟಿಗೇ...

ಎಂತ? ಯಾಕೆ ಹಾಗೆ ನೋಡ್ತೀ?

ತೋಟೆ... ಹೌದು, ಥಂಡಿ ಹಿಡಿದಿತ್ತಂತೆ. ಜನ ಹೇಳಿದ್ದು. ಯಾರು ಅಂದ್ರೆ... ಮಾಯಿಲಪ್ಪ ಹೇಳಿದ. ಹಾಂ, ಮಾಯಿಲಪ್ಪನೇ. ಅವ ಲಾರಿ ಓಡಿಸ್ತಿದ್ದ, ಹೌದು, ಲಾರಿಯಲ್ಲೇ ಕೂತಿದ್ದ, ಹೌದಪ್ಪ... ಅವನಿಗೆ ಹೇಗೆ ಗೊತ್ತು ಅಂತ ನನ್ನನ್ನು ಕೇಳಿದ್ರೆ? ಅಂದಾಜು! ಮಳೆಗಾಲ ಆಗಷ್ಟೇ ಮುಗಿದಿತ್ತು, ಯಾರ ಮನೆಯ ತೋಟೆ ಥಂಡಿ ಹಿಡೀಲಿಲ್ಲ?

ಗೋಡೆ ಮೇಲಿನ ಆ ಫೈನಲ್ ಫೋಟೋ ಯಾಕೆ ನೋಡ್ತೀ? ಗೆದ್ದದ್ದು ನಿಜ! ಎರಡಕ್ಕೆ ಒಂದು. ನಾಲ್ಕು ಗೋಲು ತಡೆದೆ ನಾನು, ಎದೆಗೆ ಪೆಟ್ಟು ತಿಂದು ತಡೆದೆ. ಆ ಪ್ಯಾಡು ನನ್ನ ಕಾಲಿಗೆ ಎಷ್ಟು ಸರಿ ಕೂತಿತ್ತು ಗೊತ್ತುಂಟಾ? ಸ್ಟುಡಿಯೋದವ ಕಪ್ಪನ್ನು ನನ್ನ ಮಡಿಲಲ್ಲೇ ಇಟ್ಟ. ಒಂದೇ ಒಂದು ದಿನ ದೇರಪ್ಪ! ಒಂದು ದಿನ ನಾನೂ ನಿಲ್ಬೇಕು ಅಂತ ಆಸೆ ಪಟ್ಟದ್ದು ಅಷ್ಟು ದೊಡ್ಡ...

...

ಹೌದು. ನಾನೇ.

ನಿಮ್ಮ ಗದ್ದೆ ಮೇಲಿನ ಕಾಡಂಚಲ್ಲಿ, ಆ ಹಲಸಿನ ಮರದ ಹಿಂದೆ ನಿಂತು ಹಾರಿಸಿದೆ. ಜೋಡುನಳಿಗೆಯ ಕೋವಿ ನಮ್ಮದು. ಒಂದು ಹಾರಿತು, ಇನ್ನೊಂದು ಟಿಕ್ ಅಂತ ಸುಮ್ಮನಾಯ್ತು. ಅಷ್ಟೊತ್ತಿಗೆ ಕೆಳಗೆ ಲಾರಿಯಿಂದ "ಹೋ" ಅಂತ ನೀವೆಲ್ಲ ಕೂಗಿದ್ದು ಕೇಳಿಸ್ತು. ಅಲ್ಲಿಗೇ ಬಿಡಬಹುದಿತ್ತು. ಬಿಟ್ಟಿದ್ರೆ ಯಾರ ಮನೆಯಲ್ಲಿ ಗಂಡು ಹುಟ್ಟಿತು ಅಂತ ಊರವರು ಎರಡು ದಿನ ಹುಡುಕಿ ಮರೀತಿದ್ರು. ನಾನು ಕೋವಿ ಮಡಚಿದೆ. ಥಂಡಿ ತೋಟೆ ತೆಗೆದು ಎಸೆದೆ, ಸೊಂಟದಿಂದ ಬೇರೆ ತೋಟೆ ತೆಗೆದು ಹಾಕಿದೆ. ಕೈ ನಡುಗಲಿಲ್ಲ, ಅದನ್ನೂ ಹೇಳ್ತೇನೆ. ಮೂರು ವರ್ಷ ಆಯ್ತು, ಈ ಮಾತು ಇವತ್ತೇ ಬಾಯಿಗೆ ಬಂದದ್ದು.

ಬೈಯಿ. ಹೊಡಿ ಬೇಕಾದ್ರೆ. ತೊಡೆ ಮೇಲಿನ ಕೋವಿ ಎತ್ತಲೂ ಇಲ್ಲವಲ್ಲ ನೀನು... ಹೇಳಿದೆನಲ್ಲ, ತಪ್ಪಾಯ್ತು! ಇನ್ನೆಂತ ಬೇಕು ನಿಂಗೆ? ಆ ದಿನ ಯಾರಿಗೂ ಏನೂ ಆಗಲಿಲ್ಲವಲ್ಲ. ನೀನು ಅಳ್ತಾ ಮನೆಗೆ ಓಡಿದ್ರೆ ಉತ್ತಯ್ಯ ಮಾವ ಜಗಲಿಯಲ್ಲಿ ಕೂತು ಗಂಜಿ ಕುಡೀತಿದ್ರು. "ನಾನು ಸತ್ತದ್ದು ನಂಗೇ ಗೊತ್ತಾಗ್ಲಿಲ್ಲ ಮಗ" ಅಂತ ಅವರೇ ನಗಾಡಿದ್ರು! ಊರೆಲ್ಲ ಅದೇ ಮಾತು, ಅದೇ ನಗು, ಮೂರು ತಿಂಗಳು...

ಆ ಜನವರಿ ವಿಷಯ ಎತ್ಬೇಡ. ಅದು ನನ್ನ ಕೈಲಿರ್ಲಿಲ್ಲ. ಎತ್ಲಿಲ್ಲ ನೀನು, ಹೌದು... ನಾನೇ ಹೇಳ್ತಿದ್ದೇನೆ. ಕೊಯ್ಲಿನ ಸಮಯ, ಜನರೆಲ್ಲ ಗದ್ದೆಯಲ್ಲಿದ್ರು. ನೀನೇ ಅಂಗಳದಲ್ಲಿ ನಿಂತು ಎರಡು ಗುಂಡು ಹಾರಿಸಿದೆ, ಒಂದರ ಹಿಂದೆ ಒಂದು, ಸರಿಯಾಗಿ. ಗದ್ದೆಯಲ್ಲಿದ್ದವರು ತಲೆ ಎತ್ತಿ ನೋಡಿ, "ಉತ್ತಯ್ಯ ಇನ್ನೊಂದು ಸಲ ಸತ್ತನಂತೆ" ಅಂತ ನಗಾಡಿ ಮತ್ತೆ ಕತ್ತಿ ಹಿಡಿದು ಬಗ್ಗಿದ್ರಂತೆ. ಒಂದು ನರಪಿಳ್ಳೆಯೂ ನಿಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ. ಹೆಣ ಎತ್ತಲಿಕ್ಕೆ ನಾಲ್ಕು ಜನ ಇಲ್ಲದೆ ಮಧ್ಯಾಹ್ನದವರೆಗೆ ಕಾದೆ ನೀನು. ಸಾವಿನ ಮನೆಯ ಮಗ ಹೊಸಲು ದಾಟಿ ಬೇರೆಯವರ ಅಂಗಳಕ್ಕೆ ಹೋಗಿ ಜನ ಕರೆದದ್ದು ಈ ಊರಲ್ಲಿ ಯಾವತ್ತಾದ್ರೂ ಉಂಟಾ? ನೀನು ಮನೆಮನೆಗೆ ಹೋದೆ. ನಮ್ಮಲ್ಲಿಗೂ ಬಂದೆ. ಇದೇ ಬಾಗಿಲಲ್ಲಿ ನಿಂತು, "ಮೊಣ್ಣಪ್ಪ, ಈ ಸಲ ನಿಜ" ಅಂದೆ. ನಾನೆಂತ ಹೇಳಿದೆ? "ಅಯ್ಯೋ ದೇವರೇ, ನಂಗೆ ಕೇಳಿಸಲೇ ಇಲ್ಲವಲ್ಲ" ಅಂದೆ. ಆ ದಿನದಿಂದ ನೀನು ಹಾಕಿ ಕೋಲು ಮುಟ್ಟಲಿಲ್ಲ. ನೀನಿಲ್ಲದೆ ತಂಡ ಒಂದೇ ಒಂದು ಆಟ ಗೆಲ್ಲಲಿಲ್ಲ, ಒಬ್ಬೊಬ್ಬರೇ ಬಿಟ್ಟು ಹೋದ್ರು. ಚರಿತ್ರೆ ಅಂದ್ರೆ ಇಷ್ಟೇ ನಮ್ಮದು.

ಯಾಕೆ ಎದ್ದೆ? ಸಹಿ... ಸಹಿ ಹಾಕ್ತೀಯಾ? ಪೆನ್ನು ನಂಗ್ಯಾಕೆ ಕೊಡ್ತೀ? ಕಾಗದ ಮಗುಚಿ ಹಾಕಿದೆಯಲ್ಲ, ಇದು ಹಿಂದಿನ ಮಗ್ಗುಲು, ಖಾಲಿ... ಓ. ಇಲ್ಲಿ ನಾನು ಬರೀಬೇಕು.

ಬರೀತೇನೆ. ಹೋಗ್ಬೇಡ, ನಿಲ್ಲು, ಬರೀತಿದ್ದೇನೆ ನೋಡು. "ಐವತ್ನಾಲ್ಕರ ಜನವರಿಯಲ್ಲಿ ಉತ್ತಯ್ಯನವರ ಮನೆಯಿಂದ ಎರಡು ಗುಂಡು ಕೇಳಿತು. ಮತ್ತೆ ಯಾರೋ ತಮಾಷೆ ಮಾಡ್ತಿದ್ದಾರೆ ಅಂತ ಊರವರು ತಿಳಿದರು. ಮೊಣ್ಣಪ್ಪ..."

ಕೇಳಿಸ್ತು ದೇರಪ್ಪ. ಎರಡೂ ಕೇಳಿಸ್ತು ನಂಗೆ. ತಮಾಷೆ ಮಾಡಿದವ ನಾನೇ ಅಲ್ವಾ, ಆ ದಿನ ನಾನು ಕೋವಿ ಮುಟ್ಟಿರ್ಲಿಲ್ಲ. ಹಾಗಾಗಿ ನಿನ್ನ ಅಪ್ಪ ನಿಜವಾಗಿ ಸತ್ತರು ಅಂತ ಈ ಊರಲ್ಲಿ ಗೊತ್ತಿದ್ದವ ನಾನೊಬ್ಬನೇ. ಗೊತ್ತಿದ್ದೂ ಬಾಗಿಲು ಹಾಕಿ ಒಳಗೆ ಕೂತೆ. ಎಲ್ಲರಿಗಿಂತ ಮೊದಲು ಓಡಿ ಬಂದಿದ್ರೆ ನೀನು ಕೇಳ್ತಿದ್ದೆ, ನಿಜ ಅಂತ ನಿಂಗೆ ಹೇಗೆ ಗೊತ್ತಾಯ್ತು ಅಂತ.