ಜುಬೇರನ ‘ನಾನು’ ನಂಬಬಹುದೇ?

ಮೇಷ್ಟ್ರ ಪತ್ನಿ ದೇವೀರಮ್ಮನವರೇ, ಮಗಳು ದಿವ್ಯಾ, ಮಲ್ಲಂದೂರಿನಿಂದ ಬಂದಿರುವ ಹಿರಿಯರೇ, ನಮ್ಮ ಕಾಲೇಜಿನ ಮಕ್ಕಳೇ — ಎಲ್ಲರಿಗೂ ನಮಸ್ಕಾರ. ಆನೆಗೆ ಬಲಿಯಾದ ನಮ್ಮ ಬಾಲರಾಜ್ ಮೇಷ್ಟ್ರ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದಾರೆ. ದನಿ ನಡುಗಿದರೆ ಮೈಕು ಸರಿಯಿಲ್ಲ ಎಂದುಕೊಳ್ಳಿ. ಹೆದರಿದಾಗ ನನ್ನ ಬಾಯಿ ತಮಾಷೆಗೆ ಇಳಿಯುತ್ತದೆ, ಅದನ್ನೂ ಕ್ಷಮಿಸಿ.

ನಾನು ಅರ್ಥಶಾಸ್ತ್ರ, ಅವರು ಕನ್ನಡ. ಸ್ಟಾಫ್ ರೂಮಿನಲ್ಲಿ ಎದುರುಬದುರು ಕುರ್ಚಿ. ‘ನಿಮ್ಮ ಹತ್ತಿರ ಶಾಸ್ತ್ರ ಮಾತ್ರ ಇದೆ, ಅರ್ಥ ನಮ್ಮ ಕ್ಲಾಸಲ್ಲಿದೆ’ ಎಂದು ಕೆಣಕುತ್ತಿದ್ದರು. ಅದನ್ನು ಪರೀಕ್ಷಿಸಲು ಒಮ್ಮೆ ಅವರ ಕ್ಲಾಸಿನ ಕಿಟಕಿಯ ಹೊರಗೆ ನಿಂತಿದ್ದೆ.

ಅಂದಿನ ಪಾಠ — ಕಾದಂಬರಿಯಲ್ಲಿ ‘ನಾನು’ ಎಂದು ಕಥೆ ಹೇಳುವವನನ್ನು ನಂಬಬಹುದೇ? ‘ನಾನು’ ಎಂದರೆ ಉತ್ತಮ ಪುರುಷ. ‘ವ್ಯಾಕರಣದಲ್ಲಿ ಮಾತ್ರ’ ಎಂದರು ಮೇಷ್ಟ್ರು. ಅವನು ತನ್ನನ್ನು ಹೊಗಳಿಕೊಂಡರೆ ಅನುಮಾನ ಪಡಿ. ಬೈದುಕೊಂಡರೆ ಇನ್ನೂ ಹೆಚ್ಚು ಅನುಮಾನ ಪಡಿ — ತಪ್ಪು ಒಪ್ಪಿಕೊಂಡೇ ನಂಬಿಕೆ ಗಿಟ್ಟಿಸುವವರಿದ್ದಾರೆ. ಹಾಗಾದರೆ ನಂಬುವುದು ಎಲ್ಲಿ ಎಂದು ಒಬ್ಬ ಹುಡುಗಿ ಕೇಳಿದಳು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು.

‘ಯಾಕೆ ಹೇಳ್ತಿದ್ದೀನಿ ಅಂತ ಹೇಳೋನಿಗೇ ಗೊತ್ತಿಲ್ಲದ ಒಂದು ವಿವರ ಬರುತ್ತಮ್ಮ. ಅದರಿಂದ ಅವನಿಗೆ ಲಾಭಾನೂ ಇಲ್ಲ, ನಷ್ಟಾನೂ ಇಲ್ಲ. ಅಲ್ಲಿ ನಿಂತ್ಕೋ.’

ಇದನ್ನು ಈಗ ಯಾಕೆ ಹೇಳುತ್ತಿದ್ದೇನೆಂದು ನಿಮಗೆ ಗೊತ್ತು. ಹಿಂದಿನ ಸಾಲಿನವರು ಆಗಿನಿಂದ ಬಾಗಿಲ ಕಡೆಯೇ ನೋಡುತ್ತಿದ್ದೀರಿ. ಹೌದು — ಹೊರಗೆ, ಜೀಪಿನ ಪಕ್ಕ, ಜುಬೇರ್ ನಿಂತಿದ್ದಾನೆ. ಆ ಸಂಜೆ ಮೇಷ್ಟ್ರನ್ನು ಮನೆಗೆ ಕರೆದೊಯ್ಯುತ್ತಿದ್ದವನು ಅವನು. ಬೇರೆ ಸಾಕ್ಷಿಯಿಲ್ಲ. ಎಸ್ಟೇಟಿನ ತಿರುವಿನಲ್ಲಿ ಆನೆ ನಿಂತಿತ್ತು, ಇಂಜಿನ್ ನಿಂತುಹೋಯಿತು, ಮೇಷ್ಟ್ರು ಇಳಿದು ಓಡಿದರು, ಆನೆ ಅವರ ಹಿಂದೆ ಹೋಯಿತು — ಅವನ ಕಥೆ ಇಷ್ಟೇ.

ನಾವು ನಂಬಲಿಲ್ಲ. ಆನೆ ಎದುರಾದರೆ ಜೀಪಿನಿಂದ ಇಳಿಯಬಾರದೆಂದು ನಮ್ಮ ಕಡೆ ಅಂಗನವಾಡಿ ಮಗುವಿಗೂ ಗೊತ್ತು. ಮಲ್ಲಂದೂರಿನಲ್ಲೇ ಹುಟ್ಟಿ ಬೆಳೆದ ಬಾಲರಾಜ್ ಇಳಿಯುತ್ತಾರೆಯೇ? ಮೊದಲು ಓಡಿದ್ದು ಜುಬೇರನೇ, ಮೇಷ್ಟ್ರನ್ನು ಬಿಟ್ಟು ಓಡಿದ — ಹೀಗೆಂದು ನಾವೇ ಒಂದು ಕಾದಂಬರಿ ಬರೆದೆವು. ಈಗ ಅವನ ಜೀಪಿಗೆ ಯಾರೂ ಹತ್ತುವುದಿಲ್ಲ. ಅವನ ಹೆಂಡತಿ ಅಮ್ನಾ ಅಂಗಡಿಗೆ ಬಂದರೆ ಅಲ್ಲಿನ ಮಾತು ನಿಲ್ಲುತ್ತದೆ.

ನಾನು ಅವನ ಮನೆಗೆ ಹೋದೆ. ಮೊದಲಿನಿಂದ ಹೇಳು ಮಾರಾಯ ಎಂದೆ. ಹೇಳಿದ. ಇನ್ನೊಮ್ಮೆ ಹೇಳಿಸಿದೆ. ಆ ತಿರುವಿಗೆ ಬಂದಾಗಲೆಲ್ಲ ಅವನ ಹಲ್ಲು ಕಟಕಟ ಎನ್ನುತ್ತಿತ್ತು — ನಾವು ಕುಳಿತಿದ್ದದ್ದು ಬೆಂಕಿಯ ಮುಂದೆ. ಎದ್ದು ಹೊರಡುವಾಗ ಹಿಂದಿನಿಂದ ಅವನೇ ಅಂದ:

‘ಸರ್ ಇಳಿಯೋಕೆ ಮುಂಚೆ ಕನ್ನಡಕ ತೆಗೆದು ಡ್ಯಾಶ್‌ಬೋರ್ಡ್ ಮೇಲೆ ಇಟ್ರು. ಮೆತ್ತಗೆ ಇಟ್ರು. ಯಾಕೆ ಅಂತ ನಂಗೆ ಇವತ್ತಿಗೂ ತಿಳೀಲಿಲ್ಲ.’

ಅದನ್ನು ದೇವೀರಮ್ಮನವರಿಗೆ ತಿಳಿಸಿದೆ. ಆಗ ಅವರು ಆಡಿದ ಮಾತನ್ನು ಇಲ್ಲಿ ಹೇಳಬೇಕೆಂದು ಅವರೇ ಕೇಳಿಕೊಂಡಿದ್ದಾರೆ.

‘ಹೆದ್ರಿಕೆಯಾದ್ರೆ ಅವ್ರು ಕನ್ನಡಕ ತೆಗೀತಿದ್ರು. ಸಿಡಿಲಿಗೆ, ಆಸ್ಪತ್ರೇಲಿ ಸೂಜಿ ಕಂಡ್ರೆ. ಕಾಣದಿದ್ರೆ ಅದು ಇಲ್ಲ ಅಂತ ಅವ್ರ ಲೆಕ್ಕ. ನನ್ನ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ. ಜುಬೇರ್ ನಿಜ ಹೇಳಿದಾನೆ.’

ನಾವು ಬರೆದ ಕಥೆಯಲ್ಲಿ ಮೇಷ್ಟ್ರು ಹೆದರಿರಲಿಲ್ಲ. ಹೆಂಡತಿಯೊಬ್ಬಳಿಗೆ ಅದು ಎಷ್ಟು ಸಮಾಧಾನದ ಕಥೆ — ಯೋಚಿಸಿ. ಅದನ್ನು ಅವರು ಕೈಯಾರೆ ಬಿಟ್ಟುಕೊಟ್ಟರು, ಬದುಕಿರುವ ಒಬ್ಬನಿಗಾಗಿ.

ಜುಬೇರ್, ಒಳಗೆ ಬಾ. — ಅವನಿಗೆ ಜಾಗ ಬಿಡಿ. — ಇಲ್ಲಿ, ಮುಂದೆ ಬಾ.

ಆ ಆನೆ ಇನ್ನೂ ಕಾಡಿಗೆ ಮರಳಿಲ್ಲ. ಬೆಳಗ್ಗೆ ಅದೇ ತಿರುವಿನ ಕೆಳಗೆ ಕಂಡಿದೆಯಂತೆ. ಮಲ್ಲಂದೂರಿನವರು ಬೆಳಕಿರುವಾಗಲೇ ಹೊರಡಬೇಕು. ದೇವೀರಮ್ಮ, ದಿವ್ಯಾ, ನಾನು ಜುಬೇರನ ಜೀಪಿನಲ್ಲೇ ಹೋಗುತ್ತೇವೆ. ನನಗೆ ಭಯವಿದೆ, ಅವನಿಗೆ ನನಗಿಂತ ಹೆಚ್ಚು. ಹಿಂದೆ ಇನ್ನೂ ಸೀಟುಗಳಿವೆ. ಯಾರು ಹತ್ತುತ್ತೀರೆಂದು ಈಗಲೇ ಹೇಳಬೇಡಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಫೋನ್ ಆಫ್ ಮಾಡಬೇಡಿ — ಅರಣ್ಯ ಇಲಾಖೆಯ ಸಂದೇಶ ಬಂದರೆ ತಿಳಿಯಬೇಕು. ಕಣ್ಣು ತೆರೆದೇ ಇರಲಿ. ಬಾಲರಾಜ್ ಮೇಷ್ಟ್ರಿಗಾಗಿ ಒಂದಿಷ್ಟು ಹೊತ್ತು ಮೌನವಾಗಿರೋಣ — ಹೊರಗೆ ಕೊಂಬೆ ಮುರಿದರೂ ಕೇಳುವಷ್ಟು.