ಯಾರ ಅಳತೆಯ ಸೀಟು

ಸೈಕಲ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಆಕೆಯ ಮಂಡಿಗೆ ಬ್ಯಾಂಡೇಜು. ಎದುರಿಗೆ ಆಕೆಯ ಬ್ಯಾಟರಿ ಸೈಕಲ್ಲು.

“ಸಿಗ್ನಲ್‌ನಲ್ಲಿ ನಿಲ್ಲಿಸಿ ಕಾಲೂರೋಕೆ ಹೋದ್ರೆ ನೆಲಾನೇ ಸಿಗ್ಲಿಲ್ಲ. ಮೂವತ್ತು ಕೆಜಿ ಸೈಕಲ್ಲು ಮೈಮೇಲೆ ಬಿತ್ತು.”

“ಸೀಟು ಇಳಿಸ್ಕೋಬೇಕಿತ್ತು.”

“ಹಿಂದಿನ ಸಂಜೆ ಇಳಿಸಿಟ್ಟಿದ್ದೆ. ಬೆಳಗ್ಗೆ ತಾನಾಗೇ ಏರಿತೇನ್ರೀ?”

ಆತ ಎದ್ದು ಸೈಕಲ್ಲಿನ ಟೈರು ಒತ್ತಿ ನೋಡತೊಡಗಿದ.

“ವಾಕಿಂಗ್ ಅಂತ ಹೇಳಿ ಇದನ್ನ ತಗೊಂಡು ಹೋಗ್ತಿದ್ರಾ?”

“ಡಾಕ್ಟರು ವ್ಯಾಯಾಮ ಮಾಡಿ ಅಂದಿದ್ರಲ್ಲ.”

“ಕಳ್ಳಂಗೊಂದು ಪಿಳ್ಳೆ ನೆವ. ಮೋಟಾರು ಹಾಕ್ಕೊಂಡು ಎಂಥ ವ್ಯಾಯಾಮ?”

ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಕೇಳಿದ: “ಸೀಟು ಯಾರ ಅಳತೆಗೆ ಬಿಗೀಲಿ?”

“ನನ್ನಳತೆಗೆ. ನಮ್ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ದಿನಾ ಸೈಕಲ್ಲನ್ನ ಇವರೇ ಹೊತ್ಕೊಂಡು ಹತ್ತಲಿ. ಡಾಕ್ಟರ ಮಾತೂ ನಡೆಯತ್ತೆ.”

ಆಕೆ ಕುಂಟುತ್ತ ಮುಂದೆ ನಡೆದಳು. ಆತ ಸೈಕಲ್ ತಳ್ಳುತ್ತ ಹಿಂದೆ ಹೋದ.