ಪರದೆಯ ಎಡಗಡೆಯ ಮೆದುಳು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಸನ್ಮಾನದ ಕುರ್ಚಿಯಲ್ಲಿ ಕೂತಿರುವ ನನ್ನ ಯಜಮಾನರೇ, ಊಟದ ಹೊತ್ತು ಮೀರಿದರೂ ಎದ್ದು ಹೋಗದ ಸಹೃದಯ ಸಭಿಕರೇ,

ಪ್ರೊಫೆಸರರ ಹೆಂಡತಿಯೂ ಎರಡು ಮಾತಾಡಲಿ ಎಂದು ಸಂಘಟಕರು ಕೇಳಿಕೊಂಡರು. ಎರಡೇ ಮಾತು ಎಂದು ಯಜಮಾನರು ಬೆಳಿಗ್ಗೆಯಿಂದ ನೆನಪಿಸುತ್ತಲೇ ಇದ್ದಾರೆ. ಮದುವೆಯಾದಾಗಿನಿಂದ ನನ್ನ ಪಾಲಿಗೆ ಬಂದದ್ದೂ ಎರಡೇ ಮಾತು: ‘ಆಯ್ತು’, ‘ಆಗಲಿ’. ಇವತ್ತು ಸ್ವಲ್ಪ ಜಾಸ್ತಿಯಾದೀತು, ಹೊಟ್ಟೆಗೆ ಹಾಕಿಕೊಳ್ಳಿ.

ಇವರು ಮಾಡಿದ್ದು ಸಣ್ಣ ಕೆಲಸವೇ? ಖಂಡಿತ ಅಲ್ಲ. ಸ್ಕಿಜೋಫ್ರೇನಿಯಾ ಇರುವವರ ಒಡಹುಟ್ಟಿದವರನ್ನು, ಅಂದರೆ ತಮಗೆ ಕಾಯಿಲೆಯೇನೂ ಇಲ್ಲದವರನ್ನು, ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಮೆದುಳಿನ ಒಂದು ಭಾಗ ಇನ್ನೊಂದರ ಜೊತೆ ಹೇಗೆ ಸಂಪರ್ಕ ಇಟ್ಟುಕೊಂಡಿದೆ ಎಂದು ನೋಡಿದರು. ಅದೇ ರಕ್ತ ಹಂಚಿಕೊಂಡವರಲ್ಲಿ ಆ ಕೊಂಡಿಗಳು ಸರಾಸರಿಯಲ್ಲಿ ಕೊಂಚ ಸಡಿಲ ಎಂದು ಕಂಡುಕೊಂಡರು. ಹಿಂದಿನ ಪರದೆ ನೋಡಿ. ಬಲಗಡೆ ಅಂಥ ಮನೆಯವರ ಮೆದುಳು. ಎಡಗಡೆ, ಗೆರೆಗಳು ಒತ್ತಾಗಿ ಹೆಣೆದುಕೊಂಡಿರುವುದು, ಕಾಯಿಲೆಯ ಸುಳಿವೇ ಇಲ್ಲದ ಮನೆತನದ ಮೆದುಳು. ಇವರ ಪುಸ್ತಕದ ಮುಖಪುಟದ ಮೇಲೂ ಅದೇ ಇದೆ.

ಅದು ನನ್ನದು.

ಚಪ್ಪಾಳೆ ಬೇಡ, ಇನ್ನೂ ಮುಗಿದಿಲ್ಲ. ನನಗೊಬ್ಬಳು ಅಕ್ಕ ಇದ್ದಾಳೆ. ಕಾಲೇಜಿನಲ್ಲಿದ್ದಾಗ ಅವಳಿಗೆ ಯಾರೂ ಇಲ್ಲದ ಕಡೆಯಿಂದ ಮಾತು ಕೇಳಿಸತೊಡಗಿತು, ಇದೇ ಕಾಯಿಲೆ. ಮದುವೆಗೆ ಮೊದಲೇ ಇವರಿಗೆ ಹೇಳಿದ್ದೆ. ಯಂತ್ರದೊಳಗೆ ಮಲಗುವ ದಿನವೂ ಕೇಳಿದೆ: ‘ನನ್ನನ್ನ ಒಡಹುಟ್ಟಿದವರ ಗುಂಪಿಗೆ ತಾನೇ ಸೇರಿಸ್ಬೇಕು?’ ‘ಸುಮ್ನಿರು, ನನ್ನ ವಿದ್ಯಾರ್ಥಿಗಳ ಮುಂದೆ ಮರ್ಯಾದೆ ತೆಗೀಬೇಡ’ ಅಂದರು. ಚಿತ್ರ ಬಂದಾಗ ‘ಎಷ್ಟು ಚೆನ್ನಾಗಿ ಬಂದಿದೆ ನೋಡೇ ನಿಂದು’ ಎಂದು ಹಿಗ್ಗಿದರು. ಇವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಇಂಥ ಕಾಯಿಲೆಯವರಿರುವ ಎಷ್ಟೋ ಮನೆಯವರಿಗೆ ಇವರು ಬುದ್ಧಿ ಹೇಳಿದ್ದಾರೆ: ನಾಚಿಕೆ ಪಡಬೇಡಿ, ಒಳಗೆ ಕೂಡಿಡಬೇಡಿ, ಬಂದವರಿಗೆ ಪರಿಚಯ ಮಾಡಿಕೊಡಿ. ಇದೇ ಸಭಾಂಗಣದಲ್ಲಿ ಕೂತು ನಾನೂ ಕೇಳಿದ್ದೇನೆ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ.

ಮುಂದಿನ ಸಾಲಿನ ವಿದ್ಯಾರ್ಥಿಗಳೇ, ನೀವೆಲ್ಲ ನಮ್ಮ ಮನೆಯಲ್ಲಿ ಉಂಡವರು. ‘ಸರ್, ನಿಮ್ಮ ಅಡುಗೆಯವರ ಕೈರುಚಿಯೇ ರುಚಿ’ ಎಂದಿದ್ದೀರಿ. ‘ಹೌದು, ಬಹಳ ವರ್ಷದಿಂದ ಇದಾರೆ’ ಎಂದು ಇವರು ನಕ್ಕಿದ್ದಾರೆ. ಆ ಅಡುಗೆಯವಳು ನನ್ನ ಅಕ್ಕ. ನಾನು ಅಡುಗೆಮನೆಗೆ ಹೋಗಿ ಸಿಡುಕುತ್ತಿದ್ದೆ. ಅವಳು ಮಾತ್ರ ಪಾತ್ರೆ ತೊಳೆಯುತ್ತ, ‘ಹೋಗ್ಲಿ ಬಿಡೇ, ಕೆಲಸದವಳು ಅಂದ್ರೆ ಯಾರೂ ನನ್ನನ್ನ ಹೆದರ್ಕೊಂಡು ನೋಡಲ್ಲ’ ಎನ್ನುತ್ತಿದ್ದಳು.

ಇವತ್ತು ಅವಳೂ ಒಳ್ಳೆಯ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿ ನಿಂತಿದ್ದಳು. ‘ಅವರು ಬರೋದು ಬೇಡ, ಪತ್ರಿಕೆಯವರಿರ್ತಾರೆ’ ಎಂದರು ಇವರು. ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಇವರ ಕೋಟಿಗೆ ಇಸ್ತ್ರಿ ಹಾಕಿದ್ದೂ ಅವಳೇ.

ತಲೆ ಕೆಟ್ಟು ಮಾತಾಡುತ್ತಿದ್ದಾಳೆ ಎಂದುಕೊಳ್ಳಬೇಡಿ. ನನ್ನ ತಲೆಯೊಳಗಿನ ಕೊಂಡಿಗಳು ಗಟ್ಟಿಯಾಗಿವೆ ಎಂದು ಯಜಮಾನರೇ ಮುಖಪುಟದಲ್ಲಿ ಅಚ್ಚು ಹಾಕಿಸಿದ್ದಾರೆ.

ಮೈಕು ಕಿತ್ತುಕೊಳ್ಳದ ಸಂಘಟಕರಿಗೂ ತಾಳ್ಮೆಯಿಂದ ಕೇಳಿದ ನಿಮಗೂ ನಾನು ಋಣಿ. ಊಟಕ್ಕೆ ನಿಲ್ಲುವುದಿಲ್ಲ, ಮನೆಯಲ್ಲಿ ಅಕ್ಕ ಒಬ್ಬಳೇ ಇದ್ದಾಳೆ. ಪ್ರೊಫೆಸರರೇ, ನೀವು ನಿಧಾನವಾಗಿ ಬನ್ನಿ, ಪತ್ರಿಕೆಯವರನ್ನು ಕರೆದುಕೊಂಡು ಬಂದರೂ ಅಡ್ಡಿಯಿಲ್ಲ. ಬಾಗಿಲ ಹೊರಗೆ ನಿಂತು, ಅಕ್ಕಪಕ್ಕದ ಮನೆಗಳಿಗೂ ಕೇಳುವ ಹಾಗೆ, ಒಂದು ಸಲ ‘ಅತ್ತಿಗೇ’ ಎಂದು ಕೂಗಿ. ಅವಳು ಬಂದು ತೆಗೆಯುತ್ತಾಳೆ. ಬರೀ ಬೆಲ್ ಒತ್ತಿದರೆ, ತೆಗೆಯಲು ಅವಳನ್ನು ನಾನು ಬಿಡುವುದಿಲ್ಲ.

ಎಲ್ಲರಿಗೂ ನಮಸ್ಕಾರ.